ಕಸ ಎಂದು ಕರೆದದ್ದು

ಗ್ಲೂಕೋಸ್ ನೀರು ಕುಡಿಸಿ ಎರಡು ತಾಸು ಕೂಡಿಸಿದರು. ರಾಣೆಬೆನ್ನೂರಿನ ಆ ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಸ್ಟೀಲಿನ ಬೆಂಚು, ಎದುರು ಗೋಡೆಗೆ ನಗುವ ಕೂಸಿನ ಕ್ಯಾಲೆಂಡರು. ನನಗೆ ಆರು ತಿಂಗಳು ತುಂಬುತ್ತ ಬಂದಿತ್ತು. ತೊಂದರೆ ಅನ್ನುವಂಥದ್ದು ಏನೂ ಇರಲಿಲ್ಲ. ಬಾಯಾರಿಕೆ ಸ್ವಲ್ಪ ಹೆಚ್ಚಾಗಿತ್ತು, ಅದು ಬಿಸಿಲಿಗೆ ಅಂದುಕೊಂಡಿದ್ದೆ. ಪಕ್ಕದಲ್ಲಿ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ನಾನು ತೊಡೆಯ ಮೇಲೆ ಎಂಟನೇ ತರಗತಿಯ ಪೇಪರು ಇಟ್ಟುಕೊಂಡು ತಿದ್ದುತ್ತಿದ್ದೆ.

ಎರಡು ತಾಸಿನ ನಂತರ ರಕ್ತ ತೆಗೆದರು. ಮಧ್ಯಾಹ್ನ ಡಾಕ್ಟರ್ ಒಳಗೆ ಕರೆದರು.

"ಶುಗರ್ ಬಂದೈತ್ರಿ ಟೀಚರ್. ಜೆಸ್ಟೇಶನಲ್ ಡಯಾಬಿಟಿಸ್. ಬಸಿರಾಗಿದ್ದಾಗ ಬರೋದು, ಹಡದ ಮ್ಯಾಲೆ ಬಹಳ ಮಂದಿಗೆ ಹೋಗ್ತೈತಿ. ಗಾಬರಿ ಆಗಬ್ಯಾಡ್ರಿ. ಹಂಗಂತ ಹಗುರನೂ ತಗೋಬ್ಯಾಡ್ರಿ. ಊಟದ ಪಟ್ಟಿ ಕೊಡ್ತೀನಿ. ಮೊದಲ ಸಕ್ರಿ ಬಂದ್ ಮಾಡ್ರಿ."

ಡಾಕ್ಟರ್ ಹತ್ತು ನಿಮಿಷ ಮಾತಾಡಿದರು. ಅಷ್ಟರಲ್ಲಿ ಅವ್ವ ಗಂಟು ಹಾಕಿಕೊಂಡದ್ದು ಒಂದೇ ಪದ. ಸಕ್ರಿ.

ನಾನು ಹಲಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಮ್ಮವರು ಮಹಾಂತೇಶ, ಹಾವೇರಿಯ ಕೋರ್ಟಿನಲ್ಲಿ ನೌಕರಿ, ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾರೆ. ಮನೆ ರಾಣೆಬೆನ್ನೂರಿನಲ್ಲಿ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸಿರು ಇದು. ನನ್ನ ತವರು ಬ್ಯಾಡಗಿ. ಅಲ್ಲಿ ಅವ್ವ, ತಮ್ಮ ಪರಮೇಶ, ಅವನ ಹೆಂಡತಿ ಇದ್ದಾರೆ. ಪರಮೇಶ ಮೆಣಸಿನಕಾಯಿಯ ಕೆಂಪು ಮಾಸದಂತೆ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಅವ್ವನ ಹೆಸರು ತಿಪ್ಪವ್ವ. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲವಂತೆ. ಅದಕ್ಕೆ ಮೂರನೆಯದನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಟ್ಟರು. ಬೇಡದ ಹೆಸರಿಟ್ಟರೆ ಸಾವಿನ ಕಣ್ಣು ಬೀಳುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಅವ್ವ ಅರವತ್ತೆಂಟು ವರ್ಷದಿಂದ ಅದನ್ನು ನಿಜಮಾಡುತ್ತ ಬದುಕಿದ್ದಾಳೆ.

ಅದೇ ದಿನ ಇನ್ನೊಬ್ಬಳು ಹುಡುಗಿ ನನ್ನ ಹತ್ತಿರ ಬಂದು ಕುಳಿತಳು. ನಸ್ರೀನ್. ಮೆಡಿಕಲ್ ಕಾಲೇಜೊಂದರಲ್ಲಿ ಪಿ.ಜಿ. ಓದುತ್ತಿದ್ದಳು, ತನ್ನ ಥೀಸಿಸ್ಸಿಗೆಂದು ಇಂಥ ಬಸಿರಿಯರ ರಕ್ತ ಕೇಳಿಕೊಂಡು ಬರುತ್ತಿದ್ದಳು. ಹೆರಿಗೆಯಾದ ಮೇಲೆ ಪ್ಲಾಸೆಂಟಾವನ್ನೂ ಕೊಡಬಹುದೇ ಎಂದು ಕೇಳಿದಳು. ಕೊಡಲೇಬೇಕೆಂದೇನೂ ಇಲ್ಲ ಎಂದು ಎರಡು ಸಲ ಹೇಳಿದಳು. ಅವ್ವನಿಗೆ ಪ್ಲಾಸೆಂಟಾ ತಿಳಿಯಲಿಲ್ಲ. ಹುಡುಗಿ ಸಂಕೋಚದಿಂದ "ಕಸ ರೀ ಅಮ್ಮಾರ, ಹಡದ ಮ್ಯಾಲೆ ಬೀಳ್ತೈತಲ್ರಿ, ಕಸ" ಅಂದಳು. ಅವ್ವ ಮುಖ ತಿರುಗಿಸಿದಳು.

ನನಗೆ ಕುತೂಹಲ. ಅದರಲ್ಲಿ ಏನು ಹುಡುಕುತ್ತೀರಿ ಎಂದು ಕೇಳಿದೆ. ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ಸ್ ಅಂದಳು. ಜೀವಕೋಶಗಳು ತಮ್ಮ ಮೈಯಿಂದ ಹೊರಗೆ ಬಿಡುವ ಅತಿ ಚಿಕ್ಕ ಚೀಲಗಳು, ನಮ್ಮ ಶಾಲೆಯ ಮೈಕ್ರೋಸ್ಕೋಪಿಗೆ ಕಾಣಿಸದಷ್ಟು ಚಿಕ್ಕವು. ಬಸಿರಿನಲ್ಲಿ ಪ್ಲಾಸೆಂಟಾ ಇಂಥ ಚೀಲಗಳನ್ನು ತಾಯಿಯ ರಕ್ತಕ್ಕೆ ಸತತ ಬಿಡುತ್ತಿರುತ್ತದೆ. ಒಳಗೆ ಮೈಕ್ರೋ ಆರ್‌ಎನ್‌ಎಗಳು ಇರುತ್ತವೆ. ಅವು ತಾವಾಗಿ ಏನನ್ನೂ ಕಟ್ಟುವುದಿಲ್ಲ. ತಲುಪಿದ ಜೀವಕೋಶಕ್ಕೆ ಇದನ್ನು ಕಡಿಮೆ ಮಾಡು, ಅದನ್ನು ನಿಲ್ಲಿಸು ಎಂದು ಹೇಳುತ್ತವೆ.

"ಕ್ಲಾಸಿನ್ಯಾಗ ಹುಡುಗರು ಬೆಂಚಿನಿಂದ ಬೆಂಚಿಗೆ ಚೀಟಿ ದಾಟಸ್ತಾರಲ್ಲ, ಹಂಗಾ?" ಅಂದೆ.

ಅವಳಿಗೆ ನಗು ಬಂತು. "ಹಂಗ ರೀ ಟೀಚರ್. ನಿಮ್ಮ ಮಾಂಸಖಂಡಕ್ಕ ಇನ್ಸುಲಿನ್ ಮಾತು ಕೇಳಬ್ಯಾಡ ಅಂತ ಕೆಲವು ಚೀಟಿ ಹೋಗಬಹುದು ಅಂತ ಅಂದಾಜೈತಿ. ಶುಗರ್ ಬಂದವರ ಚೀಟಿ ಬ್ಯಾರೆ ಇರ್ತಾವು, ಬರದವರದು ಬ್ಯಾರೆ. ಅದರಿಂದನ ಬ್ಯಾನಿ ಬರ್ತೈತೋ, ಬ್ಯಾನಿ ಬಂದಿದ್ದಕ್ಕ ಚೀಟಿ ಬದಲಾಗ್ತಾವೋ, ಅದು ಇನ್ನೂ ಪೂರ್ತಿ ತಿಳಿದಿಲ್ರಿ."

ಸಹಿ ಮಾಡಿ ರಕ್ತ ಕೊಟ್ಟೆ. ಮನೆಗೆ ಹೋಗುವ ಆಟೋದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನು ಚೀಟಿ ಬರೆಯುತ್ತಿದ್ದೀ, ಹುಷಾರ್, ನಿನ್ನ ಅವ್ವ ಟೀಚರ್ ಎಂದು ಮನಸ್ಸಿನಲ್ಲೇ ಗದರಿಸಿದೆ. ಆಗ ಅದು ತಮಾಷೆಯಾಗಿತ್ತು.

ಮರುದಿನದಿಂದ ಪಟ್ಟಿಯ ಪ್ರಕಾರ ಊಟ. ಅನ್ನ ಹೋಯಿತು, ಜೋಳದ ರೊಟ್ಟಿ ಎರಡೇ, ಪಲ್ಯ ಬೇಕಾದಷ್ಟು. ಊಟಕ್ಕೆ ಮುಂಚೆ, ಊಟವಾದ ಎರಡು ತಾಸಿಗೆ ಬೆರಳು ಚುಚ್ಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಸ್ಟಾಫ್ ರೂಮಿನಲ್ಲಿ ಚುಚ್ಚಿಕೊಳ್ಳುವಾಗ ಜೊತೆಯ ಟೀಚರುಗಳು ಕಣ್ಣು ಮುಚ್ಚುತ್ತಿದ್ದರು. ನಾನು ಧೈರ್ಯಸ್ಥೆಯಂತೆ ನಗುತ್ತಿದ್ದೆ.

ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಕುಪ್ಪಸ, ಹಸಿರು ಬಳೆ. ತವರಿನ ಬುತ್ತಿ ಹೊತ್ತು ಅವ್ವ ಬಂದಳು. ಬುತ್ತಿಯ ಜೊತೆ ಒಂದು ಸ್ಟೀಲಿನ ಡಬ್ಬಿ. ಅಂಟು, ಕೊಬ್ಬರಿ ಹಾಕಿದ ಅಂಟಿನುಂಡಿ. ಅದು ಬಾಣಂತಿಗೆ ಕಟ್ಟುವಂಥದ್ದು, ಹಡೆದ ಮೇಲೆ ತರುವಂಥದ್ದು. ಮಗಳು ಊಟದ ಪಟ್ಟಿಯಿಂದ ಸೊರಗಿದ್ದಾಳೆ ಎಂದು ಅವ್ವ ಅವಸರ ಮಾಡಿ ಎರಡು ತಿಂಗಳು ಮೊದಲೇ ಕಟ್ಟಿ ತಂದಿದ್ದಳು. ಬಂದ ಹೆಣ್ಣುಮಕ್ಕಳ ಮುಂದೆ ಹೆಮ್ಮೆಯಿಂದ ಹೇಳಿದಳು.

"ನನ್ನ ಮಗಳಿಗೆ ಸಕ್ರಿ ನಡಿಯಂಗಿಲ್ರಿ. ಒಂದು ಕಾಳು ಸಕ್ರಿ ಹಾಕಿಲ್ಲ. ಪೂರಾ ಬೆಲ್ಲದಾಗ ಮಾಡೀನಿ."

ಎಲ್ಲರೂ ತಲೆಯಾಡಿಸಿದರು. ಬೆಲ್ಲ ಒಳ್ಳೆಯದು, ಬೆಲ್ಲ ರಕ್ತ ಕೊಡುತ್ತದೆ, ಸಕ್ಕರೆ ಫ್ಯಾಕ್ಟರಿಯದು, ಬೆಲ್ಲ ಗಾಣದ್ದು. ಆ ಅಂಗಳದಲ್ಲಿ ಬೆಲ್ಲವೂ ಸಕ್ಕರೆಯೇ ಎಂದು ಗೊತ್ತಿದ್ದವಳು ನಾನೊಬ್ಬಳು.

ತಿಂದೆ.

ಆಮೇಲೆ ಶುಗರ್ ಹತೋಟಿಗೆ ಬರಲಿಲ್ಲ. ಇನ್ಸುಲಿನ್ ಶುರುವಾಯಿತು. ದಿನಕ್ಕೆ ಎರಡು ಸಲ ಹೊಟ್ಟೆಯ ಬದಿಗೆ ಚುಚ್ಚಿಕೊಳ್ಳುವಾಗ ಕೂಸಿಗೆ ತಾಗೀತೆಂದು ಮೊದಮೊದಲು ಅಂಜಿಕೆ. ಬಳಿಕ ಅದೂ ರೂಢಿಯಾಯಿತು. ಎರಡು ವಾರಕ್ಕೆ ಅಂಕಿಗಳು ಇಳಿದವು. ಡಾಕ್ಟರ್ "ಶಾಣ್ಯಾ ಪೇಶೆಂಟ್" ಅಂದರು. ಮೂವತ್ತನಾಲ್ಕನೇ ವಾರದ ಸ್ಕ್ಯಾನಿನಲ್ಲಿ ಕೂಸು ತುಸು ದೊಡ್ಡದಿದೆ, ಮೂವತ್ತೆಂಟಕ್ಕೆ ಹೆರಿಗೆ ಮಾಡಿಸೋಣ ಎಂದು ತೀರ್ಮಾನವಾಯಿತು. ನಾನು ರಜೆ ಬರೆದುಕೊಟ್ಟೆ.

ಮೂವತ್ತಾರನೇ ವಾರ. ಬುಧವಾರ ಬೆಳಿಗ್ಗೆ ಕೂಸು ಹೊರಳಲಿಲ್ಲ.

ತಿಂಡಿ ತಿಂದೆ, ತಣ್ಣೀರು ಕುಡಿದೆ, ಎಡಮಗ್ಗಲಿಗೆ ಮಲಗಿದೆ. ಮಲಗಿ ಎಣಿಸುವುದಕ್ಕೆ ಒಂದು ಒದೆತವೂ ಇರಲಿಲ್ಲ. ಮಹಾಂತೇಶ ಇನ್ನೂ ಸ್ಟೇಷನ್ನಿನಲ್ಲಿದ್ದರು, ಫೋನ್ ಮಾಡಿದೆ, ಅರ್ಧ ತಾಸಿನಲ್ಲಿ ನರ್ಸಿಂಗ್ ಹೋಮಿನಲ್ಲಿದ್ದೆವು. ಡಾಕ್ಟರ್ ಹೊಟ್ಟೆಯ ಮೇಲೆ ಪ್ರೋಬ್ ಆಡಿಸಿದರು. ಒಂದು ಕಡೆ, ಇನ್ನೊಂದು ಕಡೆ, ಮತ್ತೆ ಮೊದಲಿನ ಕಡೆ. ಹಿಂದಿನ ಸಲವೆಲ್ಲ ಪರದೆಯನ್ನು ನನ್ನ ಕಡೆ ತಿರುಗಿಸುತ್ತಿದ್ದರು.

ಆ ದಿನ ತಿರುಗಿಸಲಿಲ್ಲ.

"ಹಾರ್ಟ್‌ಬೀಟ್ ಸಿಗವಲ್ದು ರೀ," ಅಂದರು. ಅವರ ಧ್ವನಿ ಸಣ್ಣದಾಗಿತ್ತು. ಆ ಡಾಕ್ಟರಮ್ಮ ನನ್ನ ಪಾದ ಹಿಡಿದುಕೊಂಡು ನಿಂತಿದ್ದು ಈಗಲೂ ನೆನಪಿದೆ. ಯಾಕೆ ಪಾದ ಎಂದು ಗೊತ್ತಿಲ್ಲ. ಅವರಿಗೆ ಹತ್ತಿರವಿದ್ದದ್ದು ಅದೇ ಇರಬೇಕು.

ಇಲ್ಲದ ಕೂಸನ್ನೂ ಹಡೆಯಲೇಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷ ಸಂತಾನೋತ್ಪತ್ತಿಯ ಪಾಠ ಮಾಡಿದವಳಿಗೆ ಅದು ಹೊಳೆದೇ ಇರಲಿಲ್ಲ. ನೋವು ಬರಿಸುವ ಔಷಧಿ ಕೊಟ್ಟರು. ನೋವು ಬಂತು. ಬದುಕಿರುವ ಕೂಸಿಗೆ ಬರುವ ನೋವೇ ಅದು, ಏನೂ ಕಡಿಮೆಯಿಲ್ಲ. ಗುರುವಾರ ಮಧ್ಯಾಹ್ನ ಹಡೆದೆ. ಹೆಣ್ಣು. ಮೂರು ಕೆಜಿ ಎಂಟುನೂರು ಗ್ರಾಂ.

ಅವ್ವ ಎತ್ತಿಕೊಂಡಳು. "ಎಷ್ಟ್ ತುಂಬ್ಕೊಂಡಾಳ ನೋಡವಾ," ಅಂದವಳು ಅಲ್ಲಿಗೇ ನಿಲ್ಲಿಸಿದಳು. ಗಲ್ಲ, ತೋಳು, ತೊಡೆ ಎಲ್ಲ ದುಂಡಗಿದ್ದವು. ಕೂದಲು ನನ್ನದು. ನಾನು ಕಿವಿಯನ್ನಷ್ಟೇ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು, ನನ್ನದೇ ಬಿಸಿ.

ಆಗ ಬಾಗಿಲಲ್ಲಿ ನಸ್ರೀನ್ ನಿಂತಿದ್ದಳು, ನರ್ಸಿಂಗ್ ಹೋಮಿನವರು ಅವಳಿಗೆ ತಿಳಿಸಿದ್ದರು. ಕೈಯಲ್ಲಿ ಬಿಳಿಯ ಪೆಟ್ಟಿಗೆ, ಕಣ್ಣಲ್ಲಿ ನೀರು. "ಬ್ಯಾಡಂದ್ರ ಬ್ಯಾಡ ಟೀಚರ್. ನಾ ವಾಪಸ್ ಹೋಗ್ತೀನಿ. ಕೊಡೋದಿದ್ರ ಮಾತ್ರ ಈಗ ಕೊಡಬೇಕಾಗ್ತೈತಿ. ತಡಾ ಆದ್ರ ಉಪಯೋಗ ಇಲ್ಲ."

ಅವ್ವ ನನಗಿಂತ ಮುಂಚೆ ಮಾತಾಡಿದಳು. "ಕೊಡಬ್ಯಾಡ ಶೈಲಾ. ಅದು ಕೂಸಿನ ಸಂಗಾಟ ಮಣ್ಣಿಗೆ ಹೋಗ್ಬೇಕು. ಒಂಬತ್ತು ತಿಂಗಳು ಎರಡೂ ಕೂಡೇ ಇದ್ವು."

"ಕಸ ತಾನೇ ಬೇ," ಅಂದೆ. "ಒಯ್ಲಿ."

"ಕಸ ಅನಬ್ಯಾಡ. ಕಣ್ಣು ಬೀಳಬಾರ್ದಂತ ಹಂಗ ಕರೀತಾರ, ಅಷ್ಟ. ನನಗ ತಿಪ್ಪವ್ವ ಅಂದಂಗ. ನಾ ಏನ್ ತಿಪ್ಯಾಗಿನಾಕೇನು?"

ನನಗೆ ಯಾರನ್ನಾದರೂ ಹೊಡೆಯಬೇಕಿತ್ತು. ಎದುರಿಗೆ ಸಿಕ್ಕವಳು ಅವ್ವ.

"ಕೂಸಿನ ಚಿಂತಿ ಈಗ ಬಂತೇನು? ನಿನ್ನ ಬೆಲ್ಲದುಂಡಿನ ಕೊಂದಿದ್ದು ಅದನ್ನ."

ಮಹಾಂತೇಶ "ಶೈಲಾ!" ಎಂದು ಗದರಿದರು. ಅವ್ವ ಕೂಸನ್ನು ಅವರ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಹೊರಗೆ ಹೋಗಿ ಅದೇ ಸ್ಟೀಲಿನ ಬೆಂಚಿನ ಮೇಲೆ ಕುಳಿತಳು. ನಾನು ಸಹಿ ಮಾಡಿದೆ. ನಸ್ರೀನ್ ಒಯ್ದಳು.

ಕೂಸನ್ನು ಮಹಾಂತೇಶ, ಪರಮೇಶ ಒಯ್ದು ಮಣ್ಣು ಮಾಡಿ ಬಂದರು. ನನ್ನನ್ನು ಕರೆದೊಯ್ಯಲಿಲ್ಲ. ಬಾಣಂತಿ ಹೋಗಬಾರದಂತೆ. ಆಗ ನಾನು ಬಾಣಂತಿಯೂ ಆಗಿದ್ದೆ, ಅದು ಮರೆತೇ ಹೋಗಿತ್ತು. ಮೂರನೆಯ ದಿನ ಎದೆಯಲ್ಲಿ ಹಾಲು ಬಂದು ನೆನಪು ಮಾಡಿತು. ಅದೇ ದಿನ ಬೆರಳು ಚುಚ್ಚಿ ನೋಡಿದರು. ಶುಗರ್ ನಾರ್ಮಲ್. ಇನ್ಸುಲಿನ್ ಬೇಡ, ಪಟ್ಟಿ ಬೇಡ. ಪ್ಲಾಸೆಂಟಾ ಹೊರಗೆ ಬಿದ್ದೊಡನೆ ಬೇನೆಯೂ ಬಿದ್ದುಹೋಗಿತ್ತು. ನರ್ಸ್ ಸಂತೋಷದಿಂದ ಹೇಳಿದಳು. ಅವಳ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಗೋಡೆಯ ಕಡೆ ಹೊರಳಿ ಮಲಗಿದೆ. ನನ್ನ ಮೈ ಇಷ್ಟು ಬೇಗ ಸುಧಾರಿಸಿಕೊಳ್ಳಬಾರದಿತ್ತು.

ಹನ್ನೆರಡು ದಿನ ಅವ್ವ ನನ್ನ ಆರೈಕೆ ಮಾಡಿದಳು. ಎರೆದಳು, ಕಾಸಿದಳು, ಉಣಿಸಿದಳು. ಬೇಕಾದ ಮಾತು ಬಿಟ್ಟರೆ ಮಾತಿಲ್ಲ. ಹೋಗುವಾಗ ಅಡುಗೆಮನೆಯ ಮೇಲಿನ ಗೂಡಿನಿಂದ ಆ ಡಬ್ಬಿ ತೆಗೆದು ಚೀಲದಲ್ಲಿ ಇಟ್ಟುಕೊಂಡಳು. ನಾನು ನೋಡಿದೆ. ತಡೆಯಲಿಲ್ಲ.

ಆಮೇಲೆ ಏಳೆಂಟು ತಿಂಗಳು ಅವ್ವ ರಾಣೆಬೆನ್ನೂರಿಗೆ ಬರಲಿಲ್ಲ, ನಾನು ಬ್ಯಾಡಗಿಗೆ ಹೋಗಲಿಲ್ಲ. ಫೋನಿನಲ್ಲಿ ಅರಾಮಿದ್ದೀ, ಉಂಡ್ಯಾ, ಇಷ್ಟೇ. ಒಂದು ದಿನ ಪರಮೇಶನ ಹೆಂಡತಿ ಹೇಳಿದಳು, "ಅತ್ತಿಯವರು ಆಗಿನಿಂದ ಸಿಹಿ ಬಾಯಿಗೆ ಹಾಕಿಲ್ರಿ ಅಕ್ಕಾರ. ಚಾ ಸೈತ ಸಪ್ಪಗ ಕುಡೀತಾರ." ನಾನು ಹೂಂ ಎಂದು ಫೋನಿಟ್ಟೆ. ಆದರೂ ಹೋಗಲಿಲ್ಲ. ಸಿಟ್ಟಿದ್ದದ್ದು ಅವ್ವನ ಮೇಲಲ್ಲ ಎಂದು ಅಷ್ಟರಲ್ಲಿ ತಿಳಿದಿತ್ತು. ಅದನ್ನು ಹೇಳಬೇಕೆಂದರೆ ಇನ್ನೊಂದನ್ನೂ ಹೇಳಬೇಕಾಗಿತ್ತು. ಅದಕ್ಕೆ ಬಾಯಿರಲಿಲ್ಲ.

ಶಾಲೆಯಲ್ಲಿ ಹತ್ತನೇ ತರಗತಿಗೆ ಸಂತಾನೋತ್ಪತ್ತಿಯ ಪಾಠ ಬಂತು. ಜರಾಯು, ಅಂದರೆ ಪ್ಲಾಸೆಂಟಾದ ಬಗ್ಗೆ ಪುಸ್ತಕದಲ್ಲಿ ಕೆಲವೇ ಸಾಲು. ಪ್ರತಿ ವರ್ಷ ಒಂದೇ ಉಸಿರಿಗೆ ಓದಿ ಮುಂದೆ ಹೋಗುತ್ತಿದ್ದೆ. ಈ ಸಲ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಟೀಚರ್, ಜರಾಯು ಅಂದ್ರ ಕಸಾನಾ? ನಮ್ಮ ಆಕಳ ಹಾಕಿತ್ತು. ಅಪ್ಪ ಹುಗದ ಬಂದ್ರು."

ಉಳಿದವರು ಕಿಸಕ್ಕನೆ ನಕ್ಕರು. ನಾನು ಚಾಕ್‌ಪೀಸ್ ಹಿಡಿದು ನಿಂತೆ. ಕಸ ಅನ್ನಬಾರದು ಎಂದೆ. ಯಾಕೆ ಎಂದು ಕೇಳಿದಳು. ಅವತ್ತು ಪೂರಾ ಪಿರಿಯಡ್ ಅದನ್ನೇ ಹೇಳಿದೆ. ಅದು ಬರೀ ಅನ್ನ ನೀರು ದಾಟಿಸುವ ಜಾಲರಿಯಲ್ಲ, ತಾಯಿಯ ಮೈಗೆ ಚೀಟಿ ಬರೆಯುತ್ತದೆ, ತನ್ನ ಕೂಸಿಗೆ ಹೆಚ್ಚು ಸಿಗಲೆಂದು ತಾಯಿಯ ಇನ್ಸುಲಿನ್ನಿಗೆ ತುಸು ಅಡ್ಡ ಬರುತ್ತದೆ, ಎಲ್ಲ ಬಸಿರಿನಲ್ಲೂ ಬರುತ್ತದೆ, ಕೆಲವರ ಮೈ ಅದನ್ನು ತಾಳುವುದಿಲ್ಲ. ಹೇಳುತ್ತ ಹೇಳುತ್ತ ನನಗೇ ಕೇಳಿಸಿತು. ಇದನ್ನು ಕೇಳಬೇಕಾದವಳು ಬ್ಯಾಡಗಿಯಲ್ಲಿ ಸಪ್ಪನೆಯ ಚಹಾ ಕುಡಿಯುತ್ತಿದ್ದಾಳೆ.

ಸಂಜೆ ನಸ್ರೀನಳಿಗೆ ಫೋನ್ ಮಾಡಿದೆ. ನೇರವಾಗಿ ಕೇಳಿದೆ. ಉಂಡಿಯಿಂದ ಆಯಿತೇ?

"ಸುಳ್ಳು ಹೇಳಂಗಿಲ್ಲ ಟೀಚರ್. ಉಂಡಿ ತಿಂದಿದ್ದು ಚಲೋ ಅಲ್ಲ, ಅದೂ ಖರೇನ. ಆದ್ರ ಬ್ಯಾನಿ ಉಂಡಿಯಿಂದ ಬಂದಿದ್ದಲ್ಲ. ಉಂಡಿ ಬರೋಕಿಂತ ಮೊದಲ ನಿಮ್ಮ ಟೆಸ್ಟ್ ಆಗಿತ್ತು. ಚೀಟಿ ಹೋಗಾಕ ಶುರು ಆಗಿದ್ದು ಅದಕ್ಕಿಂತ ಎಷ್ಟೋ ಮೊದಲ. ಕೂಸು ಯಾಕ ಹೋತು ಅಂತ ಮಾತ್ರ ಹೇಳಾಕ ನನಗ ಬರಂಗಿಲ್ಲ. ನಿಮ್ಮೊಬ್ಬರ ಸ್ಯಾಂಪಲ್ ನೋಡಿ ಹೇಳೂವಷ್ಟು ವಿದ್ಯಾ ಇನ್ನೂ ಬಂದಿಲ್ಲ."

ಅವಳ ಪ್ರಾಮಾಣಿಕತೆಗೆ ನಾನು ಋಣಿ. ಸಮಾಧಾನದ ಮಾತು ಹೇಳುವವರು ಬೇಕಾದಷ್ಟು ಮಂದಿ ಇದ್ದರು.

ಭಾನುವಾರ ಮುಂಜಾನೆಯ ಬಸ್ಸಿಗೆ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಸೀಸನ್ ಶುರುವಾಗಿತ್ತು. ಬಸ್ಸಿನಿಂದ ಇಳಿಯುತ್ತಲೇ ಸೀನು. ಅವ್ವ ಅಂಗಳದಲ್ಲಿ ಚಾಪೆ ಹಾಕಿ, ಮೂಗಿಗೆ ಸೆರಗು ಕಟ್ಟಿಕೊಂಡು, ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಳು. ಮನೆಯ ಖಾರಕ್ಕೆ. ನನ್ನನ್ನು ನೋಡಿ ಚಾಪೆಯ ಮೇಲೆ ಜಾಗ ಮಾಡಿದಳು. ಕುಳಿತೆ. ಸುಮಾರು ಹೊತ್ತು ಇಬ್ಬರೂ ತೊಟ್ಟು ತೆಗೆದೆವು.

"ಅವ್ವಾ, ಉಂಡಿಯಿಂದ ಬ್ಯಾನಿ ಬಂದಿಲ್ಲಂತ. ಕೇಳೀನಿ."

ಅವಳ ಕೈ ನಿಲ್ಲಲಿಲ್ಲ. "ಸಮಾಧಾನಕ್ಕ ಹೇಳ್ತಾರ ಬಿಡು."

ಇನ್ನೊಂದನ್ನು ಹೇಳಬೇಕಾಯಿತು.

"ನೀ ಒಂದ ತಿನ್ನು ಅಂದಿದ್ದಿ. ನಾ ನಾಲ್ಕು ದಿನ ದಿನಕ್ಕೆರಡು ತಿಂದೆ. ಬೆಲ್ಲನೂ ಸಕ್ರಿನ ಅಂತ ನನಗ ಗೊತ್ತಿತ್ತು ಬೇ. ನಿನಗ ಗೊತ್ತಿರಲಿಲ್ಲ. ತಿಂದ ದಿನ ಬೆರಳು ಚುಚ್ಚಲಿಲ್ಲ. ಪುಸ್ತಕದಾಗ ಹಿಂದಿನ ದಿನದ ನಂಬರ್ ಬರದೆ."

ಪ್ರಾಕ್ಟಿಕಲ್ಸಿನಲ್ಲಿ ಪ್ರಯೋಗ ಮಾಡದೆ ರೀಡಿಂಗ್ ಬರೆದ ಹುಡುಗರಿಗೆ ನಾನು ನಿಲ್ಲಿಸಿ ಬೈಯುತ್ತೇನೆ. ಅದೇ ಕೆಲಸ ನಾನು ಮಾಡಿದ್ದೆ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು. ಮಹಾಂತೇಶರಿಗೂ ಹೇಳಿರಲಿಲ್ಲ.

ಅವ್ವ ಈಗ ಕೈ ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬಯಕಿ," ಅಂದಳು. "ಬಸುರಿಗೆ ಬಯಕಿ ಇರಂಗಿಲ್ಲೇನು?" ಮತ್ತೆ ತಾನೇ ಮುಂದುವರಿಸಿದಳು, "ನನಗಿಂತ ಮೊದಲ ಎರಡು ಹೋದ್ವಲ್ಲ. ಅವೂ ಹಿಂಗ ದುಂಡಗ ಇದ್ವಂತ. ತುಂಬಿಕೊಂಡಿದ್ವಂತ. ಊರಿನ್ಯಾಗ ಅಂಥಾ ಕೂಸು ಯಾರೂ ಹಡದಿರಲಿಲ್ಲಂತ ನಮ್ಮವ್ವ ಹೇಳ್ತಿದ್ಲು. ಉಸಿರ ಇರಲಿಲ್ಲ."

ನಾನು ತಲೆಯೆತ್ತಿದೆ. "ಅಜ್ಜಿಗೆ ಉಂಡಿ ಯಾರು ಕಟ್ಟಿ ಕೊಟ್ಟಿದ್ರು ಬೇ?"

"ಉಂಡಿ ಎಲ್ಲೀದು ಹುಚ್ಚಿ! ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನೂ ಕಾಲ ಅದು. ಬೆಲ್ಲ ಕಾಣತಿದ್ದಿದ್ದು ವರ್ಷಕ್ಕೊಮ್ಮೆ..."

ಅಷ್ಟಕ್ಕೇ ನಿಂತಳು. ತಾನು ಹೇಳಿದ್ದು ತನಗೇ ಕೇಳಿಸಿತು. ಮೂಗಿಗೆ ಕಟ್ಟಿದ ಸೆರಗು ಬಿಚ್ಚಿ ನನ್ನ ಮುಖ ನೋಡಿದಳು. ಅಜ್ಜಿಗೂ ಇದೇ ಬೇನೆ ಇತ್ತೆಂದು ನಾನು ಸಾಧಿಸಿ ತೋರಿಸಲಾರೆ. ಆಗ ಯಾರೂ ಬೆರಳು ಚುಚ್ಚಿ ನೋಡಿರಲಿಲ್ಲ. ಆದರೆ ಏಳೆಂಟು ತಿಂಗಳಿಂದ ಅವ್ವನ ಹೆಗಲ ಮೇಲೆ ಕುಳಿತದ್ದು ಒಂದಿಷ್ಟು ಕೆಳಗಿಳಿದದ್ದು ನನಗೆ ಕಂಡಿತು. ನಸ್ರೀನ್ ಹೇಳಿದ್ದಕ್ಕಿಂತ, ನಾನು ಹೇಳಿದ್ದಕ್ಕಿಂತ, ತನ್ನ ಅವ್ವನ ಆ ಎರಡು ದುಂಡನೆಯ ಕೂಸುಗಳು ಅವಳಿಗೆ ಹೆಚ್ಚು ತಿಳಿಸಿದವು.

"ತಪ್ಪು ಮಾತಾಡೀನಿ ಬೇ ಅವತ್ತ," ಅಂದೆ.

"ಹಡದ ಹೊಟ್ಟಿ ಉರೀತಿತ್ತು. ಮಾತಾಡಿದಿ. ಆತ ಬಿಡು."

ಪರಮೇಶನ ಹೆಂಡತಿ ಚಹಾ ತಂದಿಟ್ಟಳು. ಅವ್ವನದು ಸಪ್ಪನೆಯದೇ. ನಾನು ನನ್ನ ಲೋಟದಿಂದ ಅರ್ಧ ಅದಕ್ಕೆ ಸುರಿದೆ. ಅವಳು ಬೇಡ ಅನ್ನಲಿಲ್ಲ. ಕುಡಿಯುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಅದನ್ನ ಎಲ್ಲಿಟ್ಟಾರ?"

ಯಾವುದನ್ನು ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳು ಅದಕ್ಕೆ ಕಸ ಎಂದಿರಲಿಲ್ಲ.

"ಫ್ರೀಜರಿನ್ಯಾಗ. ಸಣ್ಣ ಸಣ್ಣ ತುಣುಕು ಮಾಡಿ. ಮುಂದ ಯಾವಾಗರ ಇನ್ನೊಬ್ಬಾಕಿಗೆ ಮೊದಲ ಗೊತ್ತಾಗ್ಲಿ ಅಂತ ನೋಡ್ತಾರ."

"ನಮ್ಮ ಪರಮೇಶನ ಕೋಲ್ಡ್ ಸ್ಟೋರೇಜಿನಂಗ?"

"ಅದಕ್ಕಿಂತ ಥಂಡಿ."

ಅವ್ವ ಚಾಪೆಯ ಮೇಲಿಂದ ಒಂದು ಮೆಣಸಿನಕಾಯಿ ಎತ್ತಿ, ಬಿಸಿಲಿಗೆ ಹಿಡಿದು, ಅದರ ಕೆಂಪನ್ನು ನೋಡಿದಳು.

"ಹಂಗಾರ ಬಣ್ಣ ಹೋಗಂಗಿಲ್ಲ ಬಿಡು," ಅಂದಳು.

ನಾನು ಇನ್ನೊಂದು ಹಿಡಿ ಮೆಣಸಿನಕಾಯಿ ನನ್ನ ಕಡೆ ಎಳೆದುಕೊಂಡೆ.